ತೆಳಗಿನ ಖೋಲಿಗೆ ನಾಲ್ಕು ಕೊಡ ನೀರು

ಹೋದ ತಿಂಗಳು ಮಾನ್ವಿಗೆ ತಂಗಿಯ ಮನೆಗೆ ಹೋಗಿದ್ದೆ. ಬಸ್ಸಿಳಿದು ಬಿಸಿಲಲ್ಲಿ ನಡೆದು ಬಂದವಳನ್ನು ಆಕೆ ಸೀದಾ ಒಳಗಿನ ಖೋಲಿಗೆ ಕರೆದುಕೊಂಡು ಹೋದಳು. ಕಿಟಕಿ ಮುಚ್ಚಿತ್ತು, ಪರದೆ ಎಳೆದಿತ್ತು, ಮೂಲೆಯಲ್ಲಿ ಕೂಲರು ಭರ್ರೋ ಅಂತ ತಿರುಗುತ್ತಿತ್ತು. ತಂಪೇನೋ ಹೌದು. ಆದರೆ ಕೂಲರಿನ ಒದ್ದೆ ಹುಲ್ಲಿನ ವಾಸನೆಯ ಹಿಂದೆ ಇನ್ನೊಂದು ವಾಸನೆ ಇತ್ತು, ತೋಯ್ದ ಗೋಣಿಚೀಲ ಒಣಗದೆ ಮೂಲೆಯಲ್ಲಿ ಉಳಿದಾಗ ಬರುವಂಥದ್ದು. ನಾನು ಕೂಡುವ ಮೊದಲೇ ಹೋಗಿ ಮಂಚದ ಹಿಂದಿನ ಗೋಡೆಗೆ ಅಂಗೈ ಇಟ್ಟೆ.

"ಯಕ್ಕಾ, ಬಂದಾಕಿ ಮೊದ್ಲು ಕುಂದ್ರು, ನೀರು ಕುಡಿ," ಅಂದಳು ತಂಗಿ. "ಗ್ವಾಡಿ ಎಲ್ಲೂ ಓಡಿ ಹೋಗಂಗಿಲ್ಲ."

"ಕಿಟಕಿ ಯಾಕ ಮುಚ್ಚಿದಿ?"

"ತೆಗದ್ರ ತಂಪೆಲ್ಲ ಹೊರಗ ಹೊಕ್ಕದಲ್ಲ!"

ಇದೇ ಮಾತನ್ನು ರಾಯಚೂರಿನ ನಮ್ಮ ಮನೆಯಲ್ಲಿ ಒಂದು ಬೇಸಿಗೆ ನಾನೇ ಆಡಿದ್ದೆ. ಅದರಿಂದ ಆದದ್ದನ್ನು ತಂಗಿಗೆ ಅಲ್ಲೇ ಕೂತು ಹೇಳಿದೆ. ಅರ್ಧ ಕೇಳಿ ಆಕೆ ಎದ್ದು ಹೋಗಿ ಕಿಟಕಿ ತೆಗೆದಳು. ಉಳಿದರ್ಧವನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಮನೆ ಇರುವುದು ರಾಯಚೂರಿನ ಹಳೇ ಓಣಿಯೊಂದರ ಇಳಿಜಾರಿನಲ್ಲಿ. ಮಾವ ಬದುಕಿದ್ದಾಗ ಅಡುಗೆಮನೆಯ ಕೆಳಗೆ ನೆಲ ಅಗೆಸಿ ಒಂದು ಖೋಲಿ ಕಟ್ಟಿಸಿದ್ದರು. ಅಂಗಳದಿಂದ ಎಂಟು ಮೆಟ್ಟಿಲು ಇಳಿಯಬೇಕು. ನೆಲಕ್ಕೆ ಫರಸಿಕಲ್ಲು, ಗೋಡೆಗೆ ಸುಣ್ಣ, ಮೂರು ಕಡೆ ಮಣ್ಣು. ಒಂದು ಗೋಡೆಯ ಮೇಲ್ತುದಿಯಲ್ಲಿ ಒಂದೇ ಒಂದು ಗವಾಕ್ಷಿ, ಅದು ಪಕ್ಕದ ಮನೆಯ ತಿಮ್ಮವ್ವನ ಅಂಗಳದ ನೆಲಕ್ಕೆ ಸಮನಾಗಿ ತೆರೆಯುತ್ತಿತ್ತು. ಊರೆಲ್ಲ ಕಾದ ಹಂಚಾಗಿರುವಾಗ ಅಲ್ಲಿ ಮಾತ್ರ ಕೂತು ಉಸಿರಾಡಬಹುದಿತ್ತು. ಎಲ್ಲರೂ ಅದನ್ನು ತೆಳಗಿನ ಖೋಲಿ ಅನ್ನುತ್ತಿದ್ದೆವು, ಆದರೆ ಅದು ಅತ್ತೆಯ ಖೋಲಿ. ಮುಂಜಾನೆ ಅಲ್ಲೇ ಅವರ ಲಿಂಗಪೂಜೆ, ಮಧ್ಯಾಹ್ನ ಅಲ್ಲೇ ನಿದ್ದೆ, ಕೌದಿಗಳ ಪೆಟ್ಟಿಗೆಯೂ ಅಲ್ಲೇ.

ಆ ವರ್ಷ ಯುಗಾದಿಗೆ ಎರಡು ಸಂಗತಿ ನಡೆದವು. ನಮ್ಮ ಮನೆಗೆ ಹೊಸ ಕೂಲರು ಬಂತು. ಪಕ್ಕದ ಮನೆಗೆ ತಿಮ್ಮವ್ವನ ಮಗಳು ಲಕ್ಷ್ಮಿ ದೇವದುರ್ಗದಿಂದ ಹೆರಿಗೆಗೆ ಬಂದಳು. ತಿಮ್ಮವ್ವ ಗೌಂಡಿಗಳ ಕೈಕೆಳಗೆ ಕಲ್ಲು ಸಿಮೆಂಟು ಹೊರುವಾಕಿ. ಗಂಡ ಇಲ್ಲ, ಇದ್ದೊಬ್ಬ ಮಗಳು. ಎಂಟೇ ದಿನಕ್ಕೆ ಗಂಡು ಕೂಸು ಹುಟ್ಟಿತು. ಅಲ್ಲಿಂದ ಅವರ ಬಚ್ಚಲಲ್ಲಿ ದಿನಾ ಹಂಡೆಗಟ್ಟಲೆ ನೀರು ಕಾಯತೊಡಗಿತು. ಬಾಣಂತಿಗೆ ಎರೆಯಬೇಕಲ್ಲ. ಸೆಕೆಗಾಲವಿರಲಿ ಏನೇ ಇರಲಿ, ಸುಡುಸುಡು ನೀರನ್ನು ತಂಬಿಗೆ ತಂಬಿಗೆ ಬೆನ್ನಿಗೆ ಅಪ್ಪಳಿಸಿದರೇನೇ ತಾಯಂದಿರಿಗೆ ಸಮಾಧಾನ. ಆ ಬಚ್ಚಲ ಕಲ್ಲು ಇದ್ದದ್ದು ನಮ್ಮ ತೆಳಗಿನ ಖೋಲಿಯ ಗೋಡೆಗೆ ತಾಗಿ.

ಇತ್ತ ನಮ್ಮ ಕೂಲರಿಗೆ ನೀರು ತುಂಬುವವಳು ನಾನು. ನಾನು ಕನ್ನಡ ಶಾಲೆಯ ಟೀಚರು, ಬೇಸಿಗೆ ಸೂಟಿ, ಮನೆಯಲ್ಲೇ ಇದ್ದೆ. ದಿನಕ್ಕೆ ನಾಲ್ಕು ಕೊಡ, ಎಂಟು ಮೆಟ್ಟಿಲು ಇಳಿಸಿ. ಕೂಲರು ಬಂದ ದಿನವೇ ಗವಾಕ್ಷಿಗೆ ರಟ್ಟು ಇಟ್ಟು, ಅದರ ಮೇಲೆ ಗೋಣಿಚೀಲ ತುರುಕಿ ಬಂದೋಬಸ್ತು ಮಾಡಿದೆ. ಬಾಗಿಲಿಗೆ ದಪ್ಪ ಪರದೆ. ಅತ್ತೆಗೆ ಬಲು ಖುಷಿಯಾಗಿತ್ತು.

"ಶ್ರಾವಣದಾಗ ಕುಂತಂಗ ಆಗ್ಯಾದ ನೋಡಬೇ," ಅಂದರು. ಅತ್ತೆ ನನ್ನನ್ನು ಹೊಗಳಿದ್ದು ಕಡಿಮೆ, ಅದಕ್ಕೇ ಈ ಮಾತು ನೆನಪಿದೆ.

ಮೂರು ವಾರವಾಗಿರಬೇಕು. ಪೆಟ್ಟಿಗೆಯ ಹಿಂದೆ ಬಿದ್ದ ವಿಭೂತಿ ಗಟ್ಟಿ ತೆಗೆಯಲು ಬಗ್ಗಿದೆ. ಗೋಡೆಯ ಬುಡದಲ್ಲಿ ಕರಿ ಚುಕ್ಕೆಗಳು. ಕಾಡಿಗೆ ಮೆತ್ತಿದ ಬೆರಳನ್ನು ಯಾರೋ ಒರೆಸಿದಂತಿತ್ತು. ಪೆಟ್ಟಿಗೆ ಸರಿಸಿದರೆ ಮೊಣಕಾಲೆತ್ತರದವರೆಗೆ ಬೂಷ್ಟು. ಒಳಗಿನ ಕೌದಿಗಳಿಗೆ ಬಿಳಿ ನವಿರು ಹಿಡಿದಿತ್ತು. ಅತ್ತೆಗೆ ಅಷ್ಟರಲ್ಲಿ ಕೆಮ್ಮು ಶುರುವಾಗಿತ್ತು. ನಾವದನ್ನು ಧೂಳಿನ ಕೆಮ್ಮು ಅಂದುಕೊಂಡಿದ್ದೆವು. ಅವರಿಗೆ ಹರೆಯದಿಂದಲೂ ದಮ್ಮಿನ ಕಾಯಿಲೆ, ಆದರೆ ಹತ್ತು ವರ್ಷದಿಂದ ಸುಮ್ಮನಿತ್ತು. ಆ ತಿಂಗಳು ಎದ್ದು ಕೂತಿತು. ನಾಲ್ಕು ಮಾತಾಡುವುದರೊಳಗೆ ಸುಂಯ್ ಸುಂಯ್ ಅಂತ ಎದೆ ಕೂಗುತ್ತಿತ್ತು.

ದವಾಖಾನೆಗೆ ಕರೆದೊಯ್ದೆವು. ಡಾಕ್ಟರು ಮನೆಯ ವಿಷಯವನ್ನೆಲ್ಲ ಕೇಳಿ, "ಆ ಬೂಷ್ಟರ ತೆಗೀರಿ, ಇಲ್ಲ ಅವರನ್ನರ ಆ ಖೋಲಿಯಿಂದ ತೆಗೀರಿ," ಅಂದರು. "ಎರಡೂ ಮಾಡದೆ ಗುಳಿಗಿ ನುಂಗಿಸ್ಕೋತ ಹೋದ್ರ ಒಂದಿನ ಉಸಿರು ಸಿಗಂಗಿಲ್ಲ."

ಖೋಲಿ ಬಿಡಿಸಿದರೆ ಎಲ್ಲಿಗೆ? ಮೇಲಿನ ಮನೆಯಲ್ಲಿ ಮಧ್ಯಾಹ್ನದ ಝಳಕ್ಕೆ ನಾವೇ ಒದ್ದಾಡುತ್ತಿದ್ದೆವು. ಮಸರಕಲ್ಲಿನಲ್ಲಿ ಅತ್ತೆಯ ತಮ್ಮನ ಮನೆಯಿತ್ತು, ಅಲ್ಲಿಗೆ ಕಳಿಸುವ ಮಾತು ಬಂತು. ಅತ್ತೆ ಒಂದೇ ಮಾತಿನಲ್ಲಿ ಮುಗಿಸಿದರು. "ಇದು ಅವರು ನನಗಂತ ಅಗಿಸಿದ ಖೋಲಿ. ಸತ್ತರೂ ಇಲ್ಲೇ." ಮಗನ, ಎಂದರೆ ನಮ್ಮವರ, ಮುಖ ಸಣ್ಣದಾಯಿತು. ಅಲ್ಲಿಂದ ಮನೆಯಲ್ಲಿ ಉಳಿದದ್ದು ಒಂದೇ ಚಿಂತೆ: ಈ ಪಸೆ ಎಲ್ಲಿಂದ ಬರುತ್ತಿದೆ?

ನಮ್ಮವರು ಅಕ್ಕಿ ಗಿರಣಿಯಲ್ಲಿ ಭತ್ತ ನೋಡುವ ಕೆಲಸದವರು. ಮಾನ್ವಿ ಕಡೆಯಿಂದ ಲಾರಿ ಬಂದರೆ ಚೀಲಕ್ಕೆ ಕೈ ಹಾಕಿ ನಾಲ್ಕು ಕಾಳು ತೆಗೆದು ಹಲ್ಲಿನಲ್ಲಿ ಕಟಕ್ಕೆಂದು ಕಚ್ಚುತ್ತಾರೆ. ಸದ್ದು ಬಂದರೆ ಒಣಗಿದೆ, ಬರದಿದ್ದರೆ ಲಾರಿ ವಾಪಸ್ಸು. ಹಸಿಯ ವಿಷಯದಲ್ಲಿ ಅವರಿಗೆ ಎದುರಾಡಿದವರಿಲ್ಲ. ಅವರು ಇಳಿದು ಬಂದು ಗೋಡೆ ಮುಟ್ಟಿದರು, ಆಚೆ ತಿಮ್ಮವ್ವನ ಅಂಗಳದ ಕಡೆ ಕಿವಿಗೊಟ್ಟರು. ಬಾಣಂತಿಗೆ ನೀರು ಬೀಳುವ ಸದ್ದು ಕೇಳುತ್ತಿತ್ತು.

"ಮತ್ತೇನು ಬೇಕು?" ಅಂದರು. "ಅವರ ಬಚ್ಚಲ ನೀರು ಇಳಿಯಾಕತ್ಯಾದ. ಆ ಹುಡುಗಿ ಬಂದಾಗಿಂದಲೇ ಅಲ್ಲೇನು ಇದು ಶುರುವಾಗಿದ್ದು?"

ಲೆಕ್ಕ ಬರೋಬರಿ ಕೂತಿತು. ಹುಡುಗಿ ಬಂದ ವಾರವೇ ಕೂಲರೂ ಬಂದಿತ್ತು ಎನ್ನುವುದು ಒಬ್ಬರಿಗೂ ಹೊಳೆಯಲಿಲ್ಲ.

ಹೇಳಲು ಹೋದವಳು ನಾನು. ತಿಮ್ಮವ್ವ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ಹಚ್ಚುತ್ತಿದ್ದಳು. ನಾನು ಬಾಗಿಲಲ್ಲೇ ನಿಂತು ಹೇಳಿದೆ. ಆಕೆ ಕೈ ನಿಲ್ಲಿಸಲಿಲ್ಲ.

"ನಮ್ಮ ನೀರು ಓಣಿ ಕಡಿ ಹರಿತಾವ್ರೀ ಅಕ್ಕಾರ. ನಿಮ್ಮ ಗ್ವಾಡಿ ಕಡಿ ಬರಂಗಿಲ್ಲ. ಜರಾ ಒಳಗ ಬಂದು ನೋಡ್ರಿ ಬೇಕಂದ್ರ."

"ನೋಡೋದೇನದ ತಿಮ್ಮವ್ವ? ಗ್ವಾಡೀನ ಹೇಳಾಕತ್ಯಾದಲ್ಲ," ಅಂದೆ.

ಅಂದದ್ದು ನಾನೇ. ಎಷ್ಟು ಸಲ ನೆನೆಸಿಕೊಂಡರೂ ಆ ಮಾತು ಬೇರೆಯವರ ಬಾಯಿಗೆ ಹೋಗುವುದಿಲ್ಲ.

ಆಕೆ ಕೂಸಿನ ಮುಖ ನೋಡಿದಳು. ಆಮೇಲೆ, "ಆತ್ರೀ, ಕಲ್ಲು ಸರಸ್ತೀನಿ," ಅಂದಳು. ಎರಡನೇ ಮಾತಿಲ್ಲ. ಮರುದಿನ ಮುಂಜಾನೆ ಹಾರೆ ತಂದು ಬಚ್ಚಲ ಕಲ್ಲನ್ನು ಎಬ್ಬಿಸಿ, ಅಂಗಳದ ಆ ತುದಿಗೆ, ಓಣಿಯ ಮಗ್ಗುಲಿಗೆ ಉರುಳಿಸಿದಳು. ನಾಲ್ಕು ಗೂಟ ನೆಟ್ಟು, ಮೇಲೆ ಒಂದು ತಗಡು, ಸುತ್ತ ಎರಡು ಹಳೇ ಸೀರೆ. ಹಂಡೆಯ ಒಲೆ ಮಾತ್ರ ಇದ್ದಲ್ಲೇ ಇತ್ತು, ಅದನ್ನು ಕಿತ್ತಿಡಲು ಜಾಗವಿರಲಿಲ್ಲ. ದಿನಾ ಕುದಿನೀರಿನ ಕೊಡ ಹೊತ್ತು ಅಂಗಳ ದಾಟುತ್ತಿದ್ದಳು. ಹಿಂದೆ ಲಕ್ಷ್ಮಿ ತಲೆಗೆ ಬಟ್ಟೆ ಕಟ್ಟಿಕೊಂಡು, ಸೆರಗು ಬಿಗಿಹಿಡಿದು, ಓಣಿಯ ಮಂದಿಗೆ ಮುಖ ತಪ್ಪಿಸಿ ನಡೆಯುತ್ತಿದ್ದಳು. ಗಾಳಿ ಬೀಸಿದರೆ ಸೀರೆ ಹಾರುತ್ತಿತ್ತು. ಅಡುಗೆಮನೆಯ ಕಿಟಕಿಯಿಂದ ನನಗೆ ಎಲ್ಲ ಕಾಣುತ್ತಿತ್ತು. ಪಾಪ ಅನ್ನಿಸುತ್ತಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಅತ್ತೆಯ ಉಸಿರು ಮುಖ್ಯ ಎಂದುಕೊಂಡು ಕಿಟಕಿಯಿಂದ ಸರಿಯುತ್ತಿದ್ದೆ.

ಬಚ್ಚಲು ಸರಿಯಿತು, ಇನ್ನು ಬೂಷ್ಟು ತೆಗೆದರಾಯಿತು ಎಂದು ನಾನು ಬ್ಲೀಚಿಂಗ್ ಪುಡಿ ಕಲಸಿ ಗೋಡೆಗೆಲ್ಲ ಬಳಿದೆ. ಅತ್ತೆಯನ್ನು ಮೇಲೆ ಕೂರಿಸಿದ್ದೆ. ಗೋಡೆ ಬೆಳ್ಳಗಾಯಿತು. ಸಂಜೆ ಅವರು ಇಳಿದು ಬಂದು ಎರಡು ನಿಮಿಷ ಕೂತಿರಬೇಕು, ಉಸಿರು ಕಟ್ಟಿ ಗೋಡೆ ಹಿಡಿದರು. ಗವಾಕ್ಷಿ ಮುಚ್ಚಿದ ಖೋಲಿಯಲ್ಲಿ ಆ ಘಾಟು ಎಲ್ಲಿಗೆ ಹೋಗಬೇಕು? ತುಟಿ ನೀಲಿಯಾಗಿತ್ತು. ಆಟೋದಲ್ಲಿ ದವಾಖಾನೆಗೆ ಹೋಗುವಾಗ ನನ್ನ ಮುಂಗೈಯನ್ನು ಹಿಡಿದ ಹಿಡಿತ ಬಿಡಲಿಲ್ಲ. ಆ ದಿನ ನಾನು ನಿಜಕ್ಕೂ ಹೆದರಿದೆ. ಎರಡು ದಿನ ಅಲ್ಲೇ ಇಟ್ಟುಕೊಂಡು ಕಳಿಸಿದರು. ಆಮೇಲೆ ಪೇಂಟರೊಬ್ಬ ಬಂದು, ನೀರು ಹಿಡಿಯದ ಬಣ್ಣ ಅಂತ ಬೂಷ್ಟಿನ ಮೇಲೇ ಬಳಿದು ಹೋದ. ಹದಿನೈದು ದಿನದಲ್ಲಿ ಬಣ್ಣ ಹಪ್ಪಳದಂತೆ ಎದ್ದಿತು, ಒಡೆದರೆ ಒಳಗೆ ಕರ್ರಗೆ.

ಜೂನ್ ಬಂತು. ಶಾಲೆ ಶುರುವಾಯಿತು. ಎರಡು ಮಳೆ ಬಿದ್ದು ನಿಂತು, ರಾಯಚೂರಿನ ಸೆಕೆ ಇನ್ನಷ್ಟು ಕೆಟ್ಟದಾಯಿತು. ಕೂಲರು ನಿಲ್ಲಿಸಲಿಲ್ಲ. ಅತ್ತೆ ಪೂಜೆಗೆ ಕೂತರೆ ಮಂತ್ರದ ನಡುವೆ ಮೂರು ಸಲ ನಿಲ್ಲಬೇಕಾಗುತ್ತಿತ್ತು. ಮಸರಕಲ್ಲಿಗೆ ಕಳಿಸುವುದೇ ಸರಿ ಎಂದು ನಮ್ಮವರು ತೀರ್ಮಾನ ಮಾಡಿ, ಅತ್ತೆಯ ತಮ್ಮನಿಗೆ ಫೋನೂ ಮಾಡಿದರು. ಅತ್ತೆ ಜಗಳವಾಡಲಿಲ್ಲ. ಕೌದಿಯ ಪೆಟ್ಟಿಗೆ ತೆಗೆದು, ಒಂದೊಂದನ್ನೇ ಮಡಿಸಿ ಇಡತೊಡಗಿದರು. ಜಗಳವಾಡಿದ್ದರೇ ಚೆನ್ನಾಗಿತ್ತು.

ಅದೇ ವಾರ ಗೌಂಡಿ ಹುಸೇನಪ್ಪ ಬಂದ. ಮಟಮಾರಿಯವನು, ಮುದುಕ, ಮಾವನ ಕಾಲದಲ್ಲಿ ಈ ಖೋಲಿಗೆ ಕಲ್ಲು ಕೂರಿಸಿದ್ದವನು. ಅತ್ತೆ ಊರು ಬಿಡುತ್ತಾರೆ ಎಂದು ತಿಳಿದು ನೋಡಿ ಹೋಗಲು ಬಂದಿದ್ದ. ಗೋಡೆ ನೋಡಿದ, ಮೂಸಿದ. ಹೊರಗೆ ಹೋಗಿ, ಗೊಬ್ಬರದ ಚೀಲದೊಳಗಿನ ಪ್ಲಾಸ್ಟಿಕ್ ಹಾಳೆ ಒಂದನ್ನು ತಂದ. ಗೋಡೆಯನ್ನು ಅಂಗೈಯಗಲ ಕೆರೆದು ಒರೆಸಿ, ಹಾಳೆಯನ್ನು ಅದರ ಮೇಲಿಟ್ಟು ನಾಲ್ಕೂ ಅಂಚಿಗೆ ಟೇಪು ಹಚ್ಚಿದ.

"ಎರಡು ದಿನ ಬಿಡ್ರಿ. ಇದನ್ಯಾರೂ ಮುಟ್ಟಬ್ಯಾಡ್ರಿ," ಅಂದ. "ಹಾಳಿ ಹಿಂದ ತ್ಯಾವ ಆಗಿದ್ರ ನೀರು ಗ್ವಾಡಿಯಾಗಿಂದ ಬರಾಕತ್ಯಾದ. ಹಾಳಿ ಮ್ಯಾಲ ಹನಿ ಕುಂತಿದ್ರ, ನೀರು ನಿಮ್ಮ ಖೋಲಿಯಾಗಿಂದನ."

ಎರಡು ದಿನ ಬಿಟ್ಟು ಬಂದ. ಹಾಳೆಯ ಮೇಲೆ ಸಾಲಾಗಿ ಹನಿ. ಟೇಪು ಬಿಚ್ಚಿ ಹಿಂದೆ ಕೈ ಆಡಿಸಿದರೆ ಗೋಡೆ ಒಣಗಿತ್ತು.

ಹುಸೇನಪ್ಪ ಕೂಲರಿನ ಕಡೆ ತಿರುಗಿದ. "ಟೀಚರಮ್ಮಾರ, ಈ ಮಿಶಿನ್ನಿಗೆ ದಿನಾ ಎಷ್ಟು ನೀರು ಹಾಕ್ತೀರಿ?"

"ನಾಲ್ಕು ಕೊಡ."

"ಸಂಜಿಗಿ ಎಷ್ಟು ಉಳಿತಾವ?"

"ಏನೂ ಉಳಿಯಂಗಿಲ್ಲ."

"ಮತ್ತ ಎಲ್ಲಿ ಹೋದವು?"

ಆ ವಾರವಷ್ಟೇ ನಾಲ್ಕನೇ ಕ್ಲಾಸಿಗೆ ನೀರು ಆವಿಯಾಗುವ ಪಾಠ ಮಾಡಿದ್ದೆ. ಆವಿ ತಣ್ಣಗಿನ ಜಾಗ ಮುಟ್ಟಿದರೆ ಮತ್ತೆ ಹನಿಯಾಗುತ್ತದೆ ಎಂದು ಬೋರ್ಡಿನ ಮೇಲೆ ಬಾಣದ ಗುರುತು ಹಾಕಿ ತೋರಿಸಿದ್ದೆ. ಎರಡೂವರೆ ತಿಂಗಳು, ದಿನಕ್ಕೆ ನಾಲ್ಕು ಕೊಡ ನೀರನ್ನು ನನ್ನ ಕೈಯಾರೆ ಹೊತ್ತು ತಂದು ಅತ್ತೆಯ ಗೋಡೆಗೆ, ಕೌದಿಗೆ, ಎದೆಗೆ ಕುಡಿಸಿದ್ದೆ. ನಮ್ಮವರು ಹನಿಯ ಮೇಲೆ ಬೆರಳಾಡಿಸಿ ಮೆಟ್ಟಿಲು ಹತ್ತಿ ಹೋದರು.

ಕೆಲಸ ನಾಲ್ಕು ದಿನ ಹಿಡಿಯಿತು. ಗವಾಕ್ಷಿಯ ರಟ್ಟು, ಗೋಣಿ ಕಿತ್ತೆಸೆದೆವು. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಪುಡಿ ಹಾರದಂತೆ ಗೋಡೆಗೆ ಮೊದಲು ನೀರು ಚಿಮುಕಿಸಿ, ಹುಸೇನಪ್ಪ ಬಣ್ಣ ಬೂಷ್ಟು ಎಲ್ಲ ಕೆರೆದ. ನಾನು ಸಾಬೂನಿನ ನೀರಲ್ಲಿ ತಿಕ್ಕಿ ತೊಳೆದೆ. ಹಳೇ ಹತ್ತಿಯ ಹಾಸಿಗೆಯನ್ನು ಉಳಿಸುವಂತಿರಲಿಲ್ಲ, ಸುಟ್ಟೆವು. ಕೌದಿಗಳನ್ನು ಕುದಿಸಿ ಮಾಳಿಗೆಯ ಮೇಲೆ ಹರವಿದೆ. ಯಾವ ಬಿಸಿಲಿಗೆ ಹೆದರಿ ಬಾಗಿಲು ಕಿಟಕಿ ಮುಚ್ಚಿದ್ದೆವೋ ಅದೇ ಬಿಸಿಲು ಅವನ್ನು ಒಂದೇ ದಿನದಲ್ಲಿ ಗರಿಗರಿ ಮಾಡಿತು. ಗೋಡೆ ಪೂರ್ತಿ ಒಣಗಿದ ಮೇಲೆ ಮೊದಲಿನಂತೆ ಬರೀ ಸುಣ್ಣ ಹೊಡೆದೆವು. ಪೆಟ್ಟಿಗೆಯನ್ನು ಗೋಡೆಯಿಂದ ಗೇಣುದ್ದ ಈಚೆ ಇಟ್ಟೆವು. ಕೂಲರನ್ನು ಖೋಲಿಯ ಹೊರಗೆ, ಮೆಟ್ಟಿಲ ಬುಡಕ್ಕೆ ತಂದೆವು. ಈಗ ಅದು ಹೊರಗಿನ ಗಾಳಿಯನ್ನು ಒಳಗೆ ತಳ್ಳುತ್ತಿತ್ತು, ಒಳಗಿನದು ಗವಾಕ್ಷಿಯಿಂದ ಆಚೆ ಹೋಗುತ್ತಿತ್ತು.

ವಾರ ಕಳೆಯುವುದರೊಳಗೆ ಅತ್ತೆಯ ಕೆಮ್ಮು ಇಳಿಯಿತು. ಒಂದು ಮುಂಜಾನೆ ಪೂಜೆಯ ಮಂತ್ರ ಎಲ್ಲೂ ನಿಲ್ಲದೆ ಕೊನೆಯವರೆಗೂ ಕೇಳಿಸಿತು. ನಾನು ಒಲೆಯ ಮುಂದೆ ಹಾಗೇ ನಿಂತುಬಿಟ್ಟೆ, ಹಾಲು ಉಕ್ಕಿ ಹೋಯಿತು. ಮಸರಕಲ್ಲಿಗೆ ಮತ್ತೆ ಫೋನು ಮಾಡಿ ಬರುವುದಿಲ್ಲ ಎಂದು ಹೇಳಿದ್ದಾಯಿತು.

ಉಳಿದದ್ದು ತಿಮ್ಮವ್ವನ ವಿಷಯ. ನಮ್ಮವರು, "ಆಗಿದ್ದು ಆತು. ಈಗ ಹೋಗಿ ಹೇಳಿ ಏನ್ ಮಾಡೋದದ? ನಮ್ಮ ಮರ್ಯಾದಿನ ಹೋಗೋದು," ಅಂದರು. ನನಗೂ ನಾಚಿಕೆ. ನಾಳೆ ನಾಳೆ ಎಂದು ಐದು ದಿನ ತಳ್ಳಿದೆ. ಆರನೇ ದಿನ ಕಿಟಕಿಯಲ್ಲಿ ನಿಂತಿದ್ದಾಗ ಲಕ್ಷ್ಮಿ ಕೂಸನ್ನು ಎತ್ತಿಕೊಂಡು ಆ ತಗಡಿನ ಕಡೆ ಹೋಗುವುದು ಕಂಡಿತು. ಚಪ್ಪಲಿ ಮೆಟ್ಟಿಕೊಂಡು ಹೊರಟೆ.

ಈ ಸಲ ಬಾಗಿಲಲ್ಲಿ ನಿಲ್ಲಲಿಲ್ಲ, ಒಳಗೆ ಹೋಗಿ ಕೂತೆ. ಹಾಳೆಯ ಕತೆ, ಕೂಲರಿನ ಕತೆ, ಎಲ್ಲ ಹೇಳಿದೆ. "ನಿಮ್ಮ ನೀರಲ್ಲ ತಿಮ್ಮವ್ವ. ನಮ್ಮದ. ತಪ್ಪಾತು," ಅಂದೆ.

"ನನಗ ಗೊತ್ತಿತ್ರೀ ಅಕ್ಕಾರ," ಅಂದಳು ಆಕೆ. "ದಿನಾ ಸುರುವಾಕಿ ನಾನ. ಯಾ ಕಡಿ ಹರಿತಾವ ಅಂತ ನನಗ ಗೊತ್ತಿರಂಗಿಲ್ಲೇನು?"

"ಮತ್ತ ಕಲ್ಲು ಯಾಕ ಸರಿಸಿದಿ? ಜಗಳಾಡಬೇಕಿತ್ತಲ್ಲ?"

ತಿಮ್ಮವ್ವ ನಮ್ಮ ಗವಾಕ್ಷಿಯ ಕಡೆ ಕೈ ಮಾಡಿದಳು. ಅದರ ಪಕ್ಕದಲ್ಲೇ ಆಕೆಯ ಚಾಪೆ ಸುತ್ತಿಟ್ಟಿತ್ತು.

"ನಾನು ಮಲಗೋದು ಅಲ್ಲೇ ಅಲ್ಲೇನ್ರೀ. ಗೋಣಿ ತುರುಕಿದ್ರೂ ಅಮ್ಮಾರ ಉಸಿರು ಕೇಳತಿತ್ತು. ಸುಂಯ್ ಅಂತ ಎಳಿಯೋರು, ನಡುವ ನಿಂತ್ರ ನನ್ನ ಉಸಿರೂ ನಿಲ್ಲತಿತ್ತು. ನನ್ನ ನೀರಲ್ಲ ಅಂತ ನನಗ ಖರೆ ಗೊತ್ತಿತ್ತು. ಆದ್ರ ಎಲ್ಯಾರ ಒಂದು ಹನಿ ನಂದೂ ಇದ್ರ? ಕೂಸಿಗಿ ಎರಿಯೋ ನೀರಿನಾಗ ಅಷ್ಟು ಪಾಪ ಯಾಕ ಅಂತ ಸರಿಸಿದೆ."

ಲಕ್ಷ್ಮಿ ಬರುವ ಸೋಮವಾರ ದೇವದುರ್ಗಕ್ಕೆ ಹೋಗುತ್ತಾಳೆಂದು ತಿಮ್ಮವ್ವ ಮಾತು ಬದಲಿಸಿದಳು.

ಮನೆಗೆ ಬಂದು ಅತ್ತೆಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಗವಾಕ್ಷಿಯ ಕಡೆ ಒಮ್ಮೆ ನೋಡಿದರು. ಆಮೇಲೆ ಪೂಜೆಯ ತಂಬಿಗೆಯಲ್ಲಿ ನೀರು ತುಂಬಿಕೊಂಡು ಎದ್ದರು. ಎಂಟು ಮೆಟ್ಟಿಲನ್ನು ನಡುವೆ ಒಂದೇ ಸಲ ನಿಂತು ಹತ್ತಿ, ತಿಮ್ಮವ್ವನ ಅಂಗಳಕ್ಕೆ ನಡೆದರು. ಮೂವತ್ತು ವರ್ಷದ ನೆರೆಯಲ್ಲಿ ಅವರು ಆ ಅಂಗಳಕ್ಕೆ ಕಾಲಿಟ್ಟದ್ದನ್ನು ನಾನು ನೋಡಿರಲಿಲ್ಲ, ಅದರಲ್ಲೂ ಪೂಜೆಯ ತಂಬಿಗೆ ಹಿಡಿದು. ಮಗನನ್ನು ಕೂಗಿ ಕರೆದರು. ನಮ್ಮವರು, ತಿಮ್ಮವ್ವ, ನಾನು ಮೂವರೂ ಸೇರಿ ಬಚ್ಚಲ ಕಲ್ಲನ್ನು ಉರುಳಿಸಿ ತಂದು ಮೊದಲಿನ ಜಾಗದಲ್ಲಿ, ನಮ್ಮ ಗೋಡೆಗೆ ತಾಗಿ ಕೂರಿಸಿದೆವು. ಲಕ್ಷ್ಮಿ ಕೂಸನ್ನು ಎದೆಗವುಚಿಕೊಂಡು ನೋಡುತ್ತಿದ್ದಳು.

"ಯಾಕ್ರೀ ಅಮ್ಮಾರ, ಇನ್ನ ನಾಕು ದಿನಕ್ಕ," ಅಂದಳು ತಿಮ್ಮವ್ವ.

"ನಾಕು ದಿನಾನರ ನನ್ನ ಮಗ್ಗಲಾಗ ಎರಿ," ಅಂದರು ಅತ್ತೆ.

ಆಮೇಲೆ ಬಗ್ಗಿ, ತಂಬಿಗೆಯ ನೀರನ್ನು ಕಲ್ಲಿನ ಮೇಲೆ ಸುರಿದರು. ಮೊದಲ ದಿನವೇ ನಾನು ಒಳಗೆ ಬಂದು ನೋಡಬೇಕಿದ್ದದ್ದು ಇಷ್ಟೇ. ನೀರು ಕಲ್ಲಿನ ಮೇಲೆ ಒಂದು ಕ್ಷಣ ನಿಂತಿತು, ನಮ್ಮ ಗೋಡೆಗೆ ಬೆನ್ನು ಮಾಡಿ ಓಣಿಯ ಗಟಾರದ ಕಡೆ ಹರಿದು ಹೋಯಿತು. ಅತ್ತೆ ಅದು ಪೂರ್ತಿ ಹೋಗುವವರೆಗೆ ನೋಡಿದರು. ತಂಬಿಗೆಯನ್ನು ನನ್ನ ಕಡೆ ಚಾಚಿ, "ಇನ್ನೊಂದು ತಂಬಿಗಿ ತಾ," ಅಂದರು.

ತುಂಬಿ ತಂದುಕೊಟ್ಟೆ. ಅದೂ ಆ ಕಡೆಯೇ ಹರಿಯಿತು.